ಹಳೇ ಕಯಾಕ್‌ನ ಕಡಲಿಗೆ ಇಳಿಸಿದ್ದು: ತೂತು, ಗಾಡಿ, ಗಾಳ

ಸೆಪ್ಟೆಂಬರ್ ಕೊನೆಗೆ ತಂದ ಕಯಾಕ್ (ಹುಟ್ಟು ಹಾಕಿ ಹೋಗೋ ಸಣ್ಣ ದೋಣಿ) ಡಿಸೆಂಬರ್ 22ಕ್ಕೆ ಸರಿಯಾಗಿ ಕಡಲಿಗೆ ಹೋಗಿ ಬಂತು. ನಡುವೆ ಹತ್ತಿರತ್ತಿರ ಮೂರು ತಿಂಗಳು ಬರೀ ರಿಪೇರಿ. ಏನು ಮಾಡ್ದೆ, ಎಷ್ಟು ಖರ್ಚಾಯ್ತು ಅಂತ ಹಳೇ ಡೈರಿಯಲ್ಲಿ ಗೀಚಿಟ್ಟಿದ್ದೆ, ಅದನ್ನೇ ಇಲ್ಲಿ ಹಾಕ್ತಿದೀನಿ. ಸರಿಯಾದ ಕೆಲಸಕ್ಕಿಂತ ಹಾಳು ಮಾಡಿದ್ದೇ ಜಾಸ್ತಿ ಇದೆ.

ನಾನಿರೋದು ಉಡುಪಿ ಜಿಲ್ಲೆಯ ಸಾಲಿಗ್ರಾಮದ ಪಕ್ಕ ಕೋಡಿ ಕನ್ಯಾಣದ ಕಡೆ. ಮೂಡಕ್ಕೆ ಹೊಳೆ, ಪಡುವಕ್ಕೆ ಕಡಲು. ದಡದಲ್ಲಿ ನಿಂತು ಗಾಳ ಹಾಕೋದು ಚಿಕ್ಕಂದಿನಿಂದ ಇದ್ದಿದ್ದೇ, ಆದ್ರೆ ತೆರೆ ಒಡೆಯೋ ಜಾಗ ದಾಟಿ ಇನ್ನೊಂದು ಐನೂರು ಮೀಟರ್ ಮುಂದೆ ಹೋದ್ರೆ ಮೀನಿನ ಕಥೆನೇ ಬೇರೆ ಅಂತ ಎಲ್ರಿಗೂ ಗೊತ್ತು, ಅದಕ್ಕೆ ಈ ಹುಚ್ಚು.

ಸೆಪ್ಟೆಂಬರ್ 28, 2024: ತಂದಿದ್ದು

ಉತ್ತರ ಕನ್ನಡದ ಕಡೆ ಒಬ್ರು ಮಾರ್ತಿದ್ರು. ಸಿಟ್-ಆನ್-ಟಾಪ್, ಅಂದ್ರೆ ಒಳಗೆ ಕಾಲು ತೂರಿಸೋದಲ್ಲ, ಮೇಲೆ ಕೂರೋದು. ಹತ್ತಡಿ ಉದ್ದ, 31 ಇಂಚು ಅಗಲ, 24 ಕೆಜಿ. ಹುಟ್ಟು ಸೇರಿ 16,500. ದೋಸ್ತನ ಓಮ್ನಿ ಮೇಲೆ ಕಟ್ಟಿ ತಂದ್ವಿ, ಪೆಟ್ರೋಲ್ ಪಾಪ ಅವ್ನದೇ. ಜೊತೆಗೆ ದೋಣಿ ಇಟ್ಟು ಎಳೆಯೋ ಒಂದು ತುಕ್ಕು ಹಿಡಿದ ಗಾಡಿನೂ ಕೊಟ್ರು, ಚಕ್ರ ಇಲ್ಲ, ಬರೀ ಫ್ರೇಮು, ಮೇಲೆ ಎರಡು ಗೂಟ. "ದೋಣಿ ಅಡಿಯಲ್ಲಿ ಸ್ವಲ್ಪ ಗೀರಿದೆ, ಕಲ್ಲಿಗೆ ತಾಗಿದ್ದು" ಅಂದ್ರು. ನಾನೂ ಹೌದು ಅಂದ್ಕೊಂಡೆ. ಈ ಒಂದು ಮಾತು ನಂಬಿ ಎರಡು ತಿಂಗಳು ಹಾಳಾಯ್ತು, ಮುಂದೆ ಬರುತ್ತೆ.

ಅಕ್ಟೋಬರ್ 2: ಹೊಳೆಯಲ್ಲಿ ಮೊದಲ ಸಲ

ಗಾಂಧಿ ಜಯಂತಿ ರಜೆ. ಹೊಳೆಗೆ ಇಳಿಸಿ ಒಂದು ಗಂಟೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಮಧ್ಯ ಓಡಾಡ್ದೆ, ಬಾರೀ ಖುಷಿ. ಆಮೇಲೆ ಯಾಕೋ ತಿರುಗೋಕೆ ಮೈ ಭಾರ ಅನ್ಸೋಕೆ ಶುರುವಾಯ್ತು. ದಡಕ್ಕೆ ಎಳೆದು ಹಿಂದಿನ ಡ್ರೈನ್ ಪ್ಲಗ್ ಬಿಚ್ಚಿ ಓರೆ ಮಾಡಿದ್ರೆ ನೀರು ಸುರಿಯುತ್ತೆ ಸುರಿಯುತ್ತೆ ನಿಲ್ಲೋದೇ ಇಲ್ಲ. ಬಕೆಟಿಗೆ ಹಿಡಿದು ನೋಡ್ದೆ, ಏಳು ಲೀಟರ್ ಹತ್ರ. ಹೊಳೆಯಲ್ಲಿ ಏಳು ಲೀಟರ್ ಅಂದ್ರೆ ನಗು, ಕಡಲಲ್ಲಿ ಅದು ನಗು ಅಲ್ಲ.

ಅಕ್ಟೋಬರ್ 5: ತೂತು ಹುಡುಕಿದ್ದು

ನೀರು ತುಂಬಿಸಿ ನೋಡೋ ಬದ್ಲು ಗಾಳಿ ತುಂಬಿಸಿ ನೋಡಿದ್ದು ಒಳ್ಳೇದಾಯ್ತು. ವ್ಯಾಕ್ಯೂಮ್ ಕ್ಲೀನರ್‌ನ ಬ್ಲೋವರ್ ಕಡೆಗೆ ಪೈಪ್ ಹಾಕಿ, ಡ್ರೈನ್ ಪ್ಲಗ್ಗಿನ ತೂತಿಗೆ ಬಟ್ಟೆ ಸುತ್ತಿ ಇಟ್ಟು, ಮೆಲ್ಲ ಗಾಳಿ ಬಿಟ್ಟೆ. ಕಯಾಕ್ ಮಗುಚಿ ಹಾಕಿ ಅಡಿಗೆಲ್ಲ ಪಾತ್ರೆ ತೊಳೆಯೋ ಸೋಪಿನ ನೀರು ಬ್ರಶ್ಶಲ್ಲಿ ಬಳಿದೆ. ಗಾಳಿ ಜೋರಾಗಿ ಬಿಡಬೇಡಿ, ಹೊಟ್ಟೆ ಉಬ್ಬುತ್ತೆ.

ಎಡಗಡೆ, ಸೀಟಿನ ಹಿಂದಿನ ಸ್ಕಪ್ಪರ್ ಹೋಲ್ ಸುತ್ತ ಗುಳ್ಳೆ ಬಂತು. ಸ್ಕಪ್ಪರ್ ಅಂದ್ರೆ ಕೂತಿರೋ ಜಾಗಕ್ಕೆ ಬಿದ್ದ ನೀರು ಕೆಳಗೆ ಹರಿದು ಹೋಗ್ಲಿ ಅಂತ ಮೇಲಿಂದ ಅಡಿವರೆಗೆ ಆರಪಾರ ಇರೋ ಕೊಳವೆ. ಆ ಕೊಳವೆ ಅಡಿಗೆ ಸೇರೋ ಅಂಚಲ್ಲಿ ಅರ್ಧಚಂದ್ರದ ಹಾಗೆ 4.5 ಸೆಂಟಿಮೀಟರ್ ಬಿರುಕು. ಬೆರಳಲ್ಲಿ ಒತ್ತಿದ್ರೆ ಬಾಯಿ ಬಿಡ್ತಿತ್ತು.

ಅವತ್ತೇ ಎಂ-ಸೀಲ್ ತಂದು ಮೆತ್ತಿದೆ, 45 ರೂಪಾಯಿ. ಮರುದಿನ ಗಟ್ಟಿಯಾಗಿತ್ತು, ಉಗುರಲ್ಲಿ ಎಬ್ಬಿಸಿದ್ರೆ ಒಂದೇ ತುಂಡಾಗಿ ಬಿಲ್ಲೆ ಥರ ಎದ್ದು ಬಂತು. ಉಜ್ಜಿದ್ದು ಸಾಲ್ದೇನೋ ಅಂತ ಮರಳು ಕಾಗದದಲ್ಲಿ ಚೆನ್ನಾಗಿ ಉಜ್ಜಿ ಇನ್ನೊಂದು 45 ಹಾಕ್ದೆ. ಅದೂ ಬಂತು. ಈ ಪ್ಲಾಸ್ಟಿಕ್ ಪಾಲಿಎಥಿಲೀನ್, ಇದಕ್ಕೆ ಎಂ-ಸೀಲ್, ಅರಾಲ್ಡೈಟ್, ಫೈಬರ್ ಯಾವ್ದೂ ಹಿಡಿಯಲ್ಲ. ಕರಗಿಸಿ ಬೆಸೆಯೋದೊಂದೇ ದಾರಿ.

ಅಕ್ಟೋಬರ್ 11ರಿಂದ 13: ಬೆಸುಗೆ

11ಕ್ಕೆ ಆಯುಧಪೂಜೆ, ಅಮ್ಮ ಸ್ಕೂಟರಿಗೆ ಹೂ ಹಾಕಿದವ್ರು ಅಂಗಳದಲ್ಲಿ ಮಗುಚಿ ಬಿದ್ದಿದ್ದ ಕಯಾಕಿಗೂ ಒಂದು ಕುಂಕುಮ ಇಟ್ರು, ಸರಿಯಾಗಿ ಬಿರುಕಿನ ಪಕ್ಕದಲ್ಲೇ. ಒರೆಸೋಕೆ ಮನಸ್ಸಾಗ್ದೆ ಆ ಕೆಲಸ ಒಂದು ದಿನ ಮುಂದೆ ಹೋಯ್ತು.

ಹೀಟ್ ಗನ್ ತಗೊಂಡೆ, 1,350. ಬೆಸೆಯೋಕೆ ಪಟ್ಟಿ ಬೇಕಲ್ಲ, ಬಣ್ಣ ಹೊಂದುತ್ತೆ ಅಂತ ಮನೆಯ ಒಡೆದ ನೀಲಿ ಬಕೆಟ್ ಕತ್ತರಿಸ್ದೆ. ಕರಗಿ ಚೆನ್ನಾಗಿ ಕೂತ ಹಾಗೇ ಕಾಣ್ತು. ತಣ್ಣಗಾದ ಮೇಲೆ ಎಳೆದ್ರೆ ಸ್ಟಿಕ್ಕರ್ ಥರ ಸುಲಿದು ಬಂತು. ಬಕೆಟ್ ತಿರುಗಿಸಿ ನೋಡಿದ್ರೆ ಅಡಿಯಲ್ಲಿ ತ್ರಿಕೋನದೊಳಗೆ 5 ಅಂತ ಇದೆ, ಅದು ಪಾಲಿಪ್ರೊಪಿಲೀನ್. ನಮಗೆ ಬೇಕಾದ್ದು 2 ನಂಬರು, ಎಚ್‌ಡಿಪಿಇ. ಹಿತ್ತಿಲಲ್ಲಿ ಹಳೇ ಬಿಳಿ ಕ್ಯಾನ್ ಇತ್ತು, ಅದರಡಿ 2 ಇತ್ತು. ಅದ್ರಿಂದ 5 ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸ್ದೆ. ನೀಲಿ ದೋಣಿಗೆ ಬಿಳಿ ತೇಪೆ, ಇರ್ಲಿ.

ಮಾಡಿದ ಕ್ರಮ ಹೀಗೆ. ಬಿರುಕಿನ ಎರಡೂ ತುದಿಗೆ 3 ಮಿಲಿಮೀಟರ್ ಡ್ರಿಲ್ ತೂತು, ಇಲ್ದಿದ್ರೆ ಅದು ಮುಂದೆ ಓಡುತ್ತೆ. ಆಮೇಲೆ ಸೋಲ್ಡರಿಂಗ್ ಐರನ್ ತುದಿಯಲ್ಲಿ ಬಿರುಕಿನುದ್ದಕ್ಕೂ ವಿ ಆಕಾರದ ಸಣ್ಣ ತೋಡು, ಪ್ಲಾಸ್ಟಿಕ್ಕಿನ ಅರ್ಧ ದಪ್ಪದವರೆಗೆ ಮಾತ್ರ. 80 ನಂಬರ್ ಮರಳು ಕಾಗದ, ಸ್ಪಿರಿಟ್ಟಲ್ಲಿ ಒರೆಸೋದು. ಹೀಟ್ ಗನ್ ಒಂದೇ ಜಾಗಕ್ಕೆ ಹಿಡಿಯದೆ ಐದಾರು ಸೆಂಟಿಮೀಟರ್ ದೂರದಿಂದ ಆಡಿಸ್ತಾ ಇರ್ಬೇಕು, ಮಂಕಾಗಿರೋ ಮೈ ಇದ್ದಕ್ಕಿದ್ದ ಹಾಗೆ ಎಣ್ಣೆ ಸವರಿದ ಹಾಗೆ ಮಿಂಚುತ್ತೆ, ಮೇಣದಬತ್ತಿ ಆರಿಸಿದಾಗಿನ ವಾಸನೆ ಬರುತ್ತೆ, ಅದೇ ಹದ. ಪಟ್ಟಿನೂ ಅದೇ ಹೊತ್ತಿಗೆ ಮಿಂಚ್ತಿರ್ಬೇಕು. ಇಟ್ಟು ಸ್ಟೀಲ್ ಚಮಚದ ಬೆನ್ನಲ್ಲಿ ಒತ್ತೋದು. ಒಂದು ಪದರ ಆದ ಮೇಲೆ ಚಾ ಸೋಸೋ ಸ್ಟೀಲ್ ಜಾಲರಿ ಹೊಸದು 60 ರೂಪಾಯಿದು ತಂದು, ಕತ್ತರಿಸಿ, ಬಿಸಿ ಇರುವಾಗ್ಲೇ ಒಳಗೆ ಹುಗಿಸಿ ಮೇಲೆ ಇನ್ನೊಂದು ಪದರ.

ಒಂದು ಜಾಗದಲ್ಲಿ ಫೋನ್ ಬಂತು ಅಂತ ತಲೆ ತಿರುಗಿಸ್ದೆ, ಎರಡೇ ಸೆಕೆಂಡು, ಪ್ಲಾಸ್ಟಿಕ್ ಕಂದು ತಿರುಗಿ ಒಳಗೆ ಕುಸೀತು. ಆ ಗುಳಿ ಈಗ್ಲೂ ಇದೆ. ನೀರು ಹೊಯ್ದು ತಣ್ಣಗೆ ಮಾಡೋ ಆಸೆ ಬೇಡ, ರಾತ್ರಿಯಿಡೀ ಹಾಗೇ ಬಿಟ್ಟೆ. 13ರಂದು ಭಾನುವಾರ ಹೊಳೆಯಲ್ಲಿ ಒಂದೂವರೆ ಗಂಟೆ, ಒಂದು ಹನಿ ಇಲ್ಲ. ಕಾಲರ್ ಮೇಲೆ ಮಾಡ್ಕೊಂಡು ಮನೆಗೆ ಬಂದೆ.

ಅಕ್ಟೋಬರ್ 20: ರಾಡ್ ಹೋಲ್ಡರ್

ರಾಡ್ ಅಂದ್ರೆ ಗಾಳದ ಕೋಲು, ಅದನ್ನ ಸಿಕ್ಕಿಸಿಡೋಕೆ ಒಂದೂವರೆ ಇಂಚಿನ ಪಿವಿಸಿ ಪೈಪ್, ತಲಾ 28 ಸೆಂಟಿಮೀಟರ್, ಎರಡು ತುಂಡು. ಬಾಯಿ ಬಿಸಿ ಮಾಡಿ ಸೋಡಾ ಬಾಟ್ಲಿಯ ಕುತ್ತಿಗೆ ಹಾಕಿ ಅಗಲ ಮಾಡ್ದೆ. ಕ್ಲಾಂಪು ಎಲ್ಲ ಸೇರಿ 240. ಕೂರ್ಸೋದು ಸೀಟಿನ ಹಿಂದೆ. ಅಲ್ಲಿ ಒಳಗಿಂದ ನಟ್ ಹಾಕೋಕೆ ಕೈ ಹೋಗಲ್ಲ, ಮುಂದಿನ ಹ್ಯಾಚಿನಿಂದ (ಮುಚ್ಚಳ ಇರೋ ಕಿಂಡಿ) ಮೊಣಕೈವರೆಗೆ ಹೋಗುತ್ತೆ ಅಷ್ಟೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಲ್ಯುಮಿನಿಯಂ ಪಾಪ್ ರಿವೆಟ್ ಕೊಟ್ರು, 70 ರೂಪಾಯಿ. ಹೊಡೆದು, ರಾಡ್ ಸಿಕ್ಕಿಸಿ, ಮೀನು ಎಳೆದ ಹಾಗೆ ಎಳೆದೆ. ಮೂರನೇ ಎಳೆತಕ್ಕೆ ನಾಲ್ಕೂ ರಿವೆಟ್ ಮೆತ್ತಗಿನ ಪ್ಲಾಸ್ಟಿಕ್ಕಿಂದ ಬಟನ್ ಕಿತ್ತ ಹಾಗೆ ಹೊರಗೆ.

ಕೊನೆಗೆ 6 ಇಂಚಿನ ಇನ್‌ಸ್ಪೆಕ್ಷನ್ ಹ್ಯಾಚ್ ತರಿಸಿ, 580, ಸೀಟಿನ ಹಿಂದೆ ಗುಂಡಗೆ ಕತ್ತರಿಸಿ ಕೂರಿಸ್ದೆ. ಒಳ್ಳೇ ದೋಣಿಗೆ ನಾವೇ ಆರಿಂಚಿನ ತೂತು ಮಾಡೋದು ಅಂದ್ರೆ ಕೈ ನಡುಗುತ್ತೆ. ರಟ್ಟಲ್ಲಿ ಅಚ್ಚು ಮಾಡಿ ಎರಡು ಸಲ ಅಳೆದೇ ಕತ್ತರಿಸಿ. ನಾನು ಮುಚ್ಚಳದ ಅಳತೆಗೆ ಗುರುತು ಹಾಕಿದ್ದೆ, ಒಳಗಿನ ರಿಂಗಿನ ಅಳತೆಗೆ ಹಾಕ್ಬೇಕಿತ್ತು, ಕತ್ತರಿಸೋ ಐದು ನಿಮಿಷ ಮುಂಚೆ ಗೊತ್ತಾಯ್ತು, ಇಲ್ದಿದ್ರೆ ಹ್ಯಾಚ್ ಸೀದಾ ಒಳಗೆ ಬೀಳ್ತಿತ್ತು.

ಅದ್ರಿಂದ ಕೈ ಹಾಕಿ ಬೋಲ್ಟ್ ಹಾಕಿದ್ದು. ಮೊದ್ಲು ಹಾಕಿದ್ದು ಜಿಐ ಬೋಲ್ಟ್ (ಸತು ಲೇಪಿಸಿದ ಕಬ್ಬಿಣದ್ದು), 60 ರೂಪಾಯಿ. ಮೂರು ವಾರದಲ್ಲಿ ಕಾವಿ ಬಣ್ಣದ ಕಣ್ಣೀರು ಇಳಿಸೋಕೆ ಶುರು. ಆಮೇಲೆ 316 ಗ್ರೇಡ್ ಸ್ಟೇನ್‌ಲೆಸ್ ತರಿಸ್ದೆ, 420. ಉಪ್ಪು ನೀರಿಗೆ ಮೊದ್ಲೇ ಅದನ್ನೇ ಹಾಕಿ, ದುಡ್ಡು ಉಳಿಸೋಕೆ ಹೋಗ್ಬೇಡಿ. ಬೋಲ್ಟಿನ ಸುತ್ತ ಹಾಕಿದ ಸಿಲಿಕಾನ್ 220 ರೂಪಾಯಿದು, ಅದೂ ಈ ಪ್ಲಾಸ್ಟಿಕ್ಕಿಗೆ ಹಿಡೀಲಿಲ್ಲ, ಒಣಗಿ ಸಿಪ್ಪೆ ಬಂತು. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ವಾಷರ್ ಮಾಡಿ ಬಿಗಿ ಮಾಡಿದ್ದು ಇವತ್ತಿನವರೆಗೆ ಸೋರಿಲ್ಲ.

ಅಕ್ಟೋಬರ್ 27: ಲಂಗರು

1.5 ಕೆಜಿಯ ಮಡಚೋ ಲಂಗರು 1,150. ಮಲ್ಪೆಯಲ್ಲಿ ಬಲೆ ಅಂಗಡಿಯಿಂದ ನೈಲಾನ್ ಹಗ್ಗ ತೂಕದ ಲೆಕ್ಕದಲ್ಲಿ, 25 ಮೀಟರಿಗೆ 190 ಆಯ್ತು. ಎರಡೆರಡು ಮೀಟರಿಗೆ ಕೆಂಪು ಟೇಪ್ ಸುತ್ತಿದೀನಿ, ಆಳ ಅಳೆಯೋಕೂ ಅದೇ.

ಹೊಳೆಯಲ್ಲಿ ಇಳಿತದ ಹೊತ್ತಿಗೆ ಸೀಟಿನ ಪಕ್ಕದ ಹಿಡಿಕೆಗೆ ಕಟ್ಟಿ ಲಂಗರು ಬಿಟ್ಟೆ. ಹಗ್ಗ ಬಿಗಿಯಾದ ಕೂಡ್ಲೇ ದೋಣಿ ನೀರಿನ ಸೆಳೆತಕ್ಕೆ ಅಡ್ಡ ನಿಂತು, ಒಂದು ಬದಿ ಕೆಳಗೆ ಎಳೆದು, ನೀರು ತೊಡೆ ಮೇಲೆ ಬಂತು. ಚಾಕು ಕೈಗೆ ಸಿಗೋ ಹಾಗಿತ್ತು, ಕತ್ತರಿಸ್ಲಿಲ್ಲ, ಹಗ್ಗ ಸಡಿಲ ಬಿಟ್ಟು ಬಚಾವಾದೆ. ಲಂಗರು ಯಾವತ್ತೂ ಮೂತಿಗೆ ಅಥವಾ ಹಿಂದಿನ ತುದಿಗೆ. ಕೂತಲ್ಲಿಂದ ಅಷ್ಟು ದೂರ ಕೈ ಹೋಗಲ್ಲ, ಅದಕ್ಕೆ ಹಿಂದೆ ಮುಂದೆ ಒಂದೊಂದು ರಾಟೆ ಹಾಕಿ, ಎರಡಕ್ಕೆ 280, ನಡುವೆ ಸುತ್ತು ಹಗ್ಗ, ಅದಕ್ಕೊಂದು ಬಳೆ. ಲಂಗರಿನ ಹಗ್ಗ ಬಳೆಯೊಳಗೆ ಹಾಕಿ, ಸುತ್ತು ಹಗ್ಗ ಎಳೆದ್ರೆ ಬಳೆ ತುದಿಗೆ ಹೋಗಿ ಕೂರುತ್ತೆ.

ಇನ್ನೊಂದು, ಕಲ್ಲಿರೋ ಜಾಗಕ್ಕೆ. ಹಗ್ಗನ ಲಂಗರಿನ ತಲೆಗೆ ಕಟ್ಟದೆ ಬುಡಕ್ಕೆ ಕಟ್ಟಿ, ತಲೆಯ ಹತ್ರ ಒಂದು ಸಣ್ಣ ಕೇಬಲ್ ಟೈ ಮಾತ್ರ ಹಾಕಿದೀನಿ. ಕಲ್ಲಿಗೆ ಸಿಕ್ಕಿಕೊಂಡ್ರೆ ಜಗ್ಗಿ ಎಳೆದ್ರೆ ಟೈ ತುಂಡಾಗಿ ಲಂಗರು ಬುಡದಿಂದ ಎದ್ದು ಬರುತ್ತೆ. ಎರಡು ರೂಪಾಯಿಯ ಟೈ ಹೋಗುತ್ತೆ, ಲಂಗರು ಉಳಿಯುತ್ತೆ.

ನವೆಂಬರ್ 2 ಮತ್ತು 3: ಗಾಡಿ

ಮನೆಯಿಂದ ದಡಕ್ಕೆ ಒಂದು ಕಿಲೋಮೀಟರ್ ಮೇಲಿದೆ, ಕಲ್ಲಿನ ತಡೆಗೋಡೆ ಇಲ್ಲದ ಸಂದಿಗೆ ಸುತ್ತಿ ಹೋಗ್ಬೇಕು. ಕಯಾಕ್ ಮಾರಿದವ್ರು ಕೊಟ್ಟ ಹಳೇ ಫ್ರೇಮ್ ಇತ್ತಲ್ಲ, ಅದರದ್ದೇ ಅಳತೆಗೆ ಪಿವಿಸಿಯಲ್ಲಿ ಹೊಸದು ಮಾಡ್ದೆ. ಪೈಪು ಎಲ್ಬೋ ಟೀ 380, ಗಾಳಿ ತುಂಬೋ ಹತ್ತಿಂಚಿನ ಚಕ್ರ ಎರಡಕ್ಕೆ 1,100. ಎರಡು ಗೂಟ ನೆಟ್ಟಗೆ ನಿಂತಿರ್ತವೆ, ಅವು ಕೆಳಗಿಂದ ಸ್ಕಪ್ಪರ್ ತೂತಿನೊಳಗೆ ಹೋಗಿ ಕೂರ್ತವೆ, ಕಟ್ಟೋದೇ ಬೇಡ. ಎಷ್ಟು ಚಂದ ಐಡಿಯಾ ಅಂತ ಫೋಟೋ ತೆಗೆದು ನಾಲ್ಕು ಜನಕ್ಕೆ ಕಳಿಸಿದ್ದೆ.

ನವೆಂಬರ್ 10: ಕಡಲು, ಮೊದಲ ಸಲ

ಲೈಫ್ ಜಾಕೆಟ್ 1,900 ಕೊಟ್ಟು ತಗೊಂಡಿದ್ದೆ, ಅದೊಂದು ಬುದ್ಧಿ ಇತ್ತು. ಸೀಟಿನ ಮುಂದೆ ಪರ್ಮನೆಂಟ್ ಮಾರ್ಕರಲ್ಲಿ 1554 ಮತ್ತು 1093 ಬರೆದಿದೀನಿ, ಮೊದಲ್ನೇದು ಕೋಸ್ಟ್ ಗಾರ್ಡು, ಎರಡನೇದು ಕರಾವಳಿ ಕಾವಲು ಪೊಲೀಸ್.

ಬೆಳಿಗ್ಗೆ ಆರೂವರೆ. ದಡದಿಂದ ನೋಡಿದ್ರೆ ತೆರೆ ಮೊಣಕಾಲೆತ್ತರ. ಎರಡು ದಾಟ್ದೆ. ಮೂರನೇದು ಬರುವಾಗ ಹಿಂದೆ ಹೋಲ್ಡರಲ್ಲಿ ರಾಡ್ ಅಲ್ಲಾಡ್ತಿದೆ ಅಂತ ತಿರುಗಿ ನೋಡ್ದೆ. ಅಷ್ಟೇ. ಮೂತಿ ಸ್ವಲ್ಪ ಅಡ್ಡ ತಿರುಗ್ತು, ತೆರೆ ಪಕ್ಕಕ್ಕೆ ಹೊಡೀತು, ನಾನು ಕೆಳಗೆ, ದೋಣಿ ನನ್ನ ಮೇಲೆ. ನೆಟ್ಟಗೆ ನಿಲ್ಲಿಸಿದ್ದ ರಾಡ್ ಮರಳಿಗೆ ಚುಚ್ಚಿ ನಡುವಲ್ಲಿ ಮುರೀತು, 2,200 ರೂಪಾಯಿದು, ಒಂದು ಮೀನೂ ಕಂಡಿರ್ಲಿಲ್ಲ ಅದು. ಇಕ್ಕಳ, ಗಾಳದ ಡಬ್ಬಿ ಕಡಲಿಗೆ ಅರ್ಪಣೆ. ಯಾವ್ದಕ್ಕೂ ಹಗ್ಗ ಕಟ್ಟಿರ್ಲಿಲ್ಲ.

ಪಕ್ಕದ ಮನೆ ಅಣ್ಣ ದಡದಲ್ಲಿ ಬಲೆ ಒಣಗಿಸ್ತಿದ್ರು. ನಲವತ್ತು ವರ್ಷ ದೋಣಿಯಲ್ಲಿ ಹೋದವ್ರು. "ಹೋಯ್, ಮಂಡೆ ಸಮ ಇತ್ತಾ ನಿಂಗೆ?" ಅಂದ್ರು. ಆಮೇಲೆ ಪಕ್ಕ ಕೂತು ತೋರಿಸಿದ್ರು, ದೊಡ್ಡ ತೆರೆ ಸಾಲಾಗಿ ಬರ್ತವೆ, ಅವು ಮುಗಿದ ಮೇಲೆ ಸ್ವಲ್ಪ ಹೊತ್ತು ಕಡಲು ಉಸಿರು ಬಿಡುತ್ತೆ, ಆವಾಗ ಹೊರಡ್ಬೇಕು, ಹೊರಟ ಮೇಲೆ ಹಿಂದೆ ನೋಡ್ಬಾರ್ದು.

ನವೆಂಬರ್ 17ರಿಂದ 24: ಮತ್ತೆ ನೀರು

ಮನೆಗೆ ತಂದು ನೋಡಿದ್ರೆ ಒಳಗೆ ಐದು ಲೀಟರ್. ಮಗುಚಿದಾಗ ನೆಲಕ್ಕೆ ಬಡಿದಿರ್ಬೇಕು ಅಂದ್ಕೊಂಡು 17ಕ್ಕೆ ಅದೇ ಎಡಗಡೆ ಬೆಸುಗೆಯ ಅಂಚಲ್ಲಿ ಬಂದಿದ್ದ ಬಿರುಕನ್ನ ಮತ್ತೆ ಬೆಸೆದೆ. ಗಾಡಿಯಲ್ಲಿ ಹೊಳೆಗೆ ಎಳ್ಕೊಂಡು ಹೋದೆ. 24ಕ್ಕೆ ಮತ್ತೆ ನೀರು, ಈ ಸಲ ಸೋಪಿನ ಗುಳ್ಳೆ ಬಲಗಡೆ ಸ್ಕಪ್ಪರಿನಲ್ಲೂ ಬಂತು. ಬಲಗಡೆ ಯಾವತ್ತೂ ಯಾವ ಕಲ್ಲಿಗೂ ತಾಗಿರ್ಲಿಲ್ಲ.

ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಅಣ್ಣ ಬಂದ್ರು. ಅಡಿಗೆ ಬಗ್ಗಿ ತೂತಿನ ಒಳ ಅಂಚಿಗೆ ಬೆರಳಾಡಿಸಿದ್ರು. ಅಲ್ಲೊಂದು ಉಂಗುರದ ಹಾಗೆ ಸವೆದು ಹೊಳೀತಿತ್ತು, ನಾನು ಅಷ್ಟು ದಿನ ಅದನ್ನ ನೋಡಿ ಅದು ಕಂಪನಿಯಿಂದ್ಲೇ ಇರೋದು ಅಂದ್ಕೊಂಡಿದ್ದೆ. "ಹೋಯ್, ನಿನ್ ಗಾಡಿ ಗೂಟ ಕೂಕಂಬುದ್ ಇಲ್ಲೇ ಅಲ್ದಾ?"

ಹೌದು. ಇಪ್ಪತ್ನಾಲ್ಕು ಕೆಜಿ ದೋಣಿ, ಮೇಲೆ ಲಂಗರು, ಐಸ್ ಡಬ್ಬಿ, ಎಲ್ಲಾ ಭಾರ ಆ ಎರಡು ತೆಳು ಅಂಚಿನ ಮೇಲೆ. ಮರಳಲ್ಲಿ ಚಕ್ರ ಹೂತಾಗ ನಾನು ಮುಂದಿಂದ ಜಗ್ಗೋದು, ಗೂಟ ಒಳಗೆ ಮೀಟೋದು. ಮಾರಿದವ್ರ ದೋಣಿ ಒಡೆದಿದ್ದೂ ಅವ್ರ ಗಾಡಿಯಿಂದ್ಲೇ, ನಾನು ಅದರ ನಕಲು ಮಾಡಿ 1,480 ರೂಪಾಯಿ ಖರ್ಚು ಮಾಡಿ ಹೊಸದಾಗಿ ಒಡೆದೆ. ಕಲ್ಲಂತೆ ಕಲ್ಲು.

ಡಿಸೆಂಬರ್ 1ರಿಂದ 8: ಗಾಡಿ ಬದಲು, ಬೆಸುಗೆ ಮೂರನೇ ಸಲ

ಗೂಟ ಕತ್ತರಿಸಿ ಬಿಸಾಡ್ದೆ. ಅದರ ಜಾಗಕ್ಕೆ ಉದ್ದುದ್ದ ಎರಡು ಪೈಪ್, 45 ಸೆಂಟಿಮೀಟರ್, ಈಜುಕೊಳದಲ್ಲಿ ಮಕ್ಕಳು ಹಿಡ್ಕೊಳೋ ಫೋಮ್ ಕೋಲು ಎರಡು 300 ರೂಪಾಯಿಗೆ ತರಿಸಿ ಅದರ ಮೇಲೆ ಹಾಕ್ದೆ. ದೋಣಿ ಈಗ ತೊಟ್ಟಿಲಲ್ಲಿ ಮಲಗಿದ ಹಾಗೆ ಅಡಿ ಪೂರ್ತಿ ಆನಿಸಿ ಕೂರುತ್ತೆ. ಲಗೇಜ್ ಬೆಲ್ಟ್ ಮನೆಯಲ್ಲಿದ್ದಿದ್ದೇ, ಅದ್ರಲ್ಲಿ ಬಿಗಿಯೋದು. ಗಾಡಿ ನಡುವಿಗಿಂತ ಒಂದಡಿ ಹಿಂದೆ ಇಟ್ರೆ ಎಳೆಯೋಕೆ ಹಗುರ. ಚಕ್ರದ ಗಾಳಿ ಅರ್ಧ ಬಿಟ್ರೆ ಮರಳಲ್ಲಿ ಹೂಳಲ್ಲ.

2, 3ನೇ ತಾರೀಕು ಫೆಂಗಲ್ ಚಂಡಮಾರುತದ ಬಾಲ ಈ ಕಡೆ ದಾಟಿ ಒಂದೇ ಸಮ ಮಳೆ, ಶಾಲೆಗೂ ರಜೆ. ಕಯಾಕ್ ಒಳಗೆ ತಂದು ಎರಡು ದಿನ ಒಣಗಿಸ್ದೆ, ಬಿರುಕೊಳಗೆ ತೇವ ಇದ್ರೆ ಬೆಸುಗೆಯಲ್ಲಿ ಗುಳ್ಳೆ ಬರುತ್ತೆ. ಈ ಸಲ ಎಡಕ್ಕೂ ಬಲಕ್ಕೂ ಹಳೇದನ್ನ ಕೆತ್ತಿ ತೆಗೆದು ಹೊಸದಾಗಿ. ಕ್ಯಾನಿನ ಪಟ್ಟಿ ಬದ್ಲು ಹ್ಯಾಚಿಗೆ ಅಂತ ಗುಂಡಗೆ ಕತ್ತರಿಸಿದ್ದ ಕಯಾಕಿನದ್ದೇ ತುಂಡು ಇತ್ತಲ್ಲ, ಅದರ ಪಟ್ಟಿ. ಅದೇ ಪ್ಲಾಸ್ಟಿಕ್ಕಿಗೆ ಅದೇ ಪ್ಲಾಸ್ಟಿಕ್, ಬೆಣ್ಣೆ ಥರ ಸೇರ್ತು. ಕತ್ತರಿಸಿದ ತುಂಡು ಎಸೀಬೇಡಿ. 8ಕ್ಕೆ ಹೊಳೆಯಲ್ಲಿ ಎರಡು ಗಂಟೆ, ಒಣ.

ಡಿಸೆಂಬರ್ 22: ಕಾಣೆ ಮೀನು

ಅಷ್ಟಮಿ ಆಸುಪಾಸು, ನೀರಿನ ಸೆಳೆತ ಕಮ್ಮಿ, ಅಣ್ಣನೇ ದಿನ ಹೇಳಿದ್ದು. ರಾಡ್ ಈ ಸಲ ಮುಂದಿನ ಹ್ಯಾಚಿನೊಳಗೆ ಅರ್ಧ ತೂರಿಸಿ ಮಲಗಿಸಿ ಕಟ್ಟಿದ್ದೆ. ಹುಟ್ಟಿಗೆ, ಚಾಕುವಿಗೆ, ಡಬ್ಬಿಗೆ, ಎಲ್ಲಕ್ಕೂ ಹಗ್ಗ. ಐದು ದೊಡ್ಡ ತೆರೆ ಎಣಿಸಿ ಬಿಟ್ಟು, ಆರನೇದರ ಬೆನ್ನಿಗೆ ಹೊರಟೆ. ಎದೆ ಮೇಲೆ ಒಂದು ಬಕೆಟ್ ನೀರು ಬಿತ್ತು ಅಷ್ಟೇ, ಸ್ಕಪ್ಪರಲ್ಲಿ ಗುಳು ಗುಳು ಅಂತ ಇಳಿದು ಹೋಯ್ತು, ಆ ಸದ್ದು ಕೇಳೋಕೆ ಎಂಥಾ ಸಮಾಧಾನ ಅಂತೀರಿ.

ದಡದಿಂದ ಸುಮಾರು ಏಳೆಂಟುನೂರು ಮೀಟರ್. ಟೇಪ್ ಗುರುತಿನಲ್ಲಿ ಆಳ ಆರು ಮೀಟರ್, ಹಗ್ಗ ಹದಿನೆಂಟು ಮೀಟರ್ ಬಿಟ್ಟು ಮೂತಿಗೆ ಕಟ್ದೆ. ಬೆಳಗಿನ ಮೂಡುಗಾಳಿ ಮೆಲ್ಲ ಹೊರಗೆ ತಳ್ಳುತ್ತೆ, ಲಂಗರು ಇಲ್ದೆ ಗಾಳದ ಮೇಲೆ ಕಣ್ಣಿಟ್ಟು ಕೂತ್ರೆ ದಡ ಎಷ್ಟು ದೂರ ಹೋಯ್ತು ಅಂತ ಗೊತ್ತೇ ಆಗಲ್ಲ. ಸಣ್ಣ ಗಾಳ, 30 ಗ್ರಾಂ ಸೀಸ, ಚಟ್ಲಿಯ (ಸಿಗಡಿ) ತುಂಡು. ಮರಳು ನೆಲ ಇರೋದ್ರಿಂದ ಕಾಣೆ. ಎರಡು ಸಲ ಟುಕ್ ಟುಕ್ ಅಂದು ಸುಮ್ಮನಾಗುತ್ತೆ, ಮೂರನೇದಕ್ಕೆ ಎತ್ತಬೇಕು. ಒಂಬತ್ತು ಕಾಣೆ, ಒಂದು ಕಲ್ಲೂರು, ಒಂದು ಸಣ್ಣ ಏಡಿ ತಾನಾಗೇ ನೇತಾಡ್ಕೊಂಡು ಬಂತು, ಬಿಟ್ಟೆ. ಅಂಜಲ್ ಮೀನಿನ ಕನಸು ಇನ್ನೂ ಕನಸೇ. ಪಡುಗಾಳಿ ಏಳೋ ಮುಂಚೆ ಅಂತ ಒಂಬತ್ತೂವರೆಗೆ ವಾಪಸ್ ದಡ.

ಮನೆಗೆ ಬಂದು ಡ್ರೈನ್ ಪ್ಲಗ್ ಬಿಚ್ಚಿದ್ರೆ ಒಂದು ಲೋಟ ನೀರು. ಸೋಪ್ ಹಾಕಿ ನೋಡ್ದೆ, ಎರಡೂ ಸ್ಕಪ್ಪರ್ ಕ್ಲೀನ್. ಮುಂದಿನ ಹ್ಯಾಚಿನ ರಬ್ಬರ್ ಹಳೇದು, ಅಲ್ಲಿಂದ.

ಒಟ್ಟು ಖರ್ಚು 27,090. ಅದ್ರಲ್ಲಿ ಎಂ-ಸೀಲ್, ರಿವೆಟ್, ಜಿಐ ಬೋಲ್ಟ್, ಸಿಲಿಕಾನ್, ಮುರಿದ ರಾಡ್ ಸೇರಿ 2,640 ಶುದ್ಧ ತಪ್ಪಿನ ಬಾಬ್ತು. ಕಾಣೆ ಹುರಿಯುವಾಗ ಅಮ್ಮ ಒಂದಕ್ಕೆ ಎಷ್ಟು ಬಿತ್ತು ಅಂತ ಕೇಳಿದ್ರು, ರವೆ ಸಾಕಾಗುತ್ತಾ ನೋಡಿ ಅಂತ ಮಾತು ತಿರುಗಿಸ್ದೆ.

ಬಾಕಿ ಇರೋದು: ಹ್ಯಾಚ್ ರಬ್ಬರ್. ಮತ್ತೆ ಎಡಗಡೆ ರಾಡ್ ಹೋಲ್ಡರ್ ಹುಟ್ಟು ಹಾಕುವಾಗ ಮೊಣಕೈಗೆ ಹೊಡೆಯುತ್ತೆ, ಅದನ್ನ ಹೊರಗೆ ಓರೆ ಮಾಡ್ಬೇಕು, ಅಂದ್ರೆ ಎರಡು ಹೊಸ ತೂತು, ಎರಡು ಹಳೇ ತೂತು ಮುಚ್ಚೋದು. ಕಯಾಕಿನ ತುಂಡು ಇನ್ನೂ ಅಂಗೈಯಗಲ ಉಳಿದಿದೆ, ಸಾಕು.